ತೊಡೆಪಟ್ಟಿಯ ದಾರ

ಕೆಳಗಿನ ಮನೆಯ ಅಹಲ್ಯಾ ಬಿದ್ದಳು ಅನ್ನುವ ಸುದ್ದಿ ಬಂದದ್ದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ನಾನು ಪಟೋಲ್ ಕಾಯಿ ಹೆಚ್ಚುತ್ತ ಕೂತಿದ್ದೆ. ಸೊಸೆ ಗೌರಿ ಫೋನು ಕಿವಿಗೆ ಹಿಡಿದುಕೊಂಡೇ ಒಳಗಿನಿಂದ ಬಂದು ನನ್ನ ಮುಂದೆ ನಿಂತಳು.

"ಏನಾತವಾ?" ಅಂದೆ.

"ಅತ್ತಿ, ಅಹಲ್ಯಕ್ಕ ಬಿದ್ದಾಳಂತ. ಎಸ್ಪ್ಲನೇಡ್ ಮೆಟ್ರೋದಾಗ, ಮೆಟ್ಟಲ ಏರೂ ಮುಂದ. ಕಾಲಿನ ಪಟ್ಟಿ ಕಿತ್ತು ಬಂತಂತ."

"ಯಾವ ಪಟ್ಟಿ?" ಅಂತ ಕೇಳಿದೆ. ಯಾವ ಪಟ್ಟಿ ಅಂತ ನನಗೆ ಗೊತ್ತಿತ್ತು. ಆದರೂ ಕೇಳಿದೆ.

ಗೌರಿ ಸೀರೆ ಬದಲಿಸದೆ, ಉಟ್ಟದ್ದರಲ್ಲೇ ಆಸ್ಪತ್ರೆಗೆ ಓಡಿದಳು. ನನ್ನ ಮಗ ವೀರಭದ್ರ ಅವನ ರೈಲ್ವೆ ಆಫೀಸಿನಿಂದ ನೇರ ಹೋದ. ನಾನು ಹೆಚ್ಚಿದ ಪಟೋಲನ್ನೇ ಮತ್ತೆ ಮತ್ತೆ ಹೆಚ್ಚುತ್ತ ಕೂತೆ. ಅದು ಪಲ್ಯಕ್ಕೂ ಬಾರದಷ್ಟು ಸಣ್ಣಗಾಯಿತು.

ಎರಡು ಗಂಟೆಗೆ ಗೌರಿ ತಿರುಗಿ ಬಂದಳು. ಬಲಗೈ ಮಣಿಕಟ್ಟು ಮುರಿದಿದೆ, ಗದ್ದ ಒಡೆದಿದೆ, ಹಿಂದೆ ಬರುತ್ತಿದ್ದ ಯಾರೋ ಪುಣ್ಯಾತ್ಮ ಹಿಡಿದುಕೊಂಡದ್ದಕ್ಕೆ ತಲೆ ಉಳಿದಿದೆ, ಸಂಜೆ ಮನೆಗೆ ಬಿಡುತ್ತಾರೆ ಅಂದಳು. ಆಮೇಲೆ ಒಂದು ಪ್ಲಾಸ್ಟಿಕ್ ಚೀಲ ನನ್ನ ಮಡಿಲಿಗೆ ಇಟ್ಟಳು.

"ನೋಡ್ರಿ, ನಿಮ್ಮ ಶಿಷ್ಯಾಳ ಕೆಲಸ."

ಅಹಲ್ಯಾಗೆ ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿದೆ. ತೊಡೆಯಿಂದ ಬೂಟಿನವರೆಗೆ ಎರಡೂ ಮಗ್ಗುಲಲ್ಲಿ ಉಕ್ಕಿನ ಸರಳು ಇರುವ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಾಳೆ. ಆ ಸರಳುಗಳು ಕಾಲಿಗೆ ಕೂತಿರಬೇಕಾದರೆ ತೊಡೆಗೆ ಅಂಗೈ ಅಗಲದ ತೊಗಲಿನ ಪಟ್ಟಿ ಬೇಕು. ಪಟ್ಟಿಗೆ ಬಕಲ್ಲು, ಬಕಲ್ಲಿಗೆ ಹೊಲಿಗೆ. ಆ ಹೊಲಿಗೆ ಹೋದರೆ ಸರಳು ಹೊರಕ್ಕೆ ಬಿಚ್ಚಿಕೊಳ್ಳುತ್ತವೆ. ಕಾಲು ಇದ್ದೂ ಇಲ್ಲದಂತೆ.

ದಾರ ಹರಿದಿರಬೇಕು ಅಂದುಕೊಂಡು ಚೀಲಕ್ಕೆ ಕೈ ಹಾಕಿದೆ. ದಾರ ಹರಿದಿರಲಿಲ್ಲ. ಹರಿದದ್ದು ತೊಗಲು. ಬಕಲ್ಲಿನ ಕೆಳಗೆ ನಾಲ್ಕು ಬೆರಳಗಲ, ತೂತಿನಿಂದ ತೂತಿಗೆ, ಬ್ಲೇಡಿನಲ್ಲಿ ಕೊಯ್ದ ಹಾಗೆ ಬಿಟ್ಟುಕೊಂಡಿತ್ತು. ದಾರ ಮಾತ್ರ ಒಂದು ಎಳೆ ಬಿಡದೆ ಗಟ್ಟಿಯಾಗಿ, ತೆಳ್ಳಗೆ, ಬಕಲ್ಲಿಗೆ ಸುತ್ತಿಕೊಂಡು ಕೂತಿತ್ತು.

ಪಟ್ಟಿ ಹೊಲಿದವಳು ನನ್ನ ಹತ್ತಿರ ಕಲಿಯುವ ಸಿಂಧೂರ. ಅದು ಎಲ್ಲರಿಗೂ ಗೊತ್ತು. ಆದರೆ ಆ ನಾಲ್ಕು ಬೆರಳಗಲ ಹೊಲಿಗೆ ನನ್ನದು. ಅದು ಯಾರಿಗೂ ಗೊತ್ತಿರಲಿಲ್ಲ, ಸಿಂಧೂರಳಿಗೂ.

*

ನಾನು ಅಥಣಿಯವಳು. ಹೆಸರು ಪಾರ್ವತಿ, ಕರೆಯುವುದು ಪಾರವ್ವ. ನಮ್ಮ ಮನೆತನ ಚಪ್ಪಲಿ ಮಾಡುವವರದು. ನಮ್ಮಲ್ಲಿ ತೊಗಲು ಕೊಯ್ಯುವುದು ಗಂಡಸರು, ಹೆಣೆಯುವುದು ಹೊಲಿಯುವುದು ಹೆಂಗಸರು. ಸಾಲಿಗೆ ಎರಡನೇ ಇಯತ್ತೆವರೆಗೆ ಹೋಗಿದ್ದೆ. ಆಮೇಲೆ ಅವ್ವನ ಪಕ್ಕ ಕೂತೆ. ಮದುವೆಯಾಗಿ ಈ ಊರಿಗೆ ಬಂದಾಗ ನನ್ನ ಯಜಮಾನರು ಕಲ್ಲಪ್ಪನವರು ರೈಲು ಡಬ್ಬಿಯ ಸೀಟಿಗೆ ಹೊದಿಕೆ ಹೊಲಿಯುವ ಕೆಲಸದಲ್ಲಿದ್ದರು. ಬಂದ ಮೊದಲ ದಿನವೇ ಹೇಳಿದರು: "ಕ್ವಾರ್ಟರ್ಸಿನಾಗ ಯಾರರೆ ಕೇಳಿದ್ರ ಬೆಳಗಾವಿ ಕಡೆಯವರು ಅನ್ನು. ಮುಂದ ಏನೂ ಹೇಳಬ್ಯಾಡ." ಹೇಳಲಿಲ್ಲ. ಕ್ವಾರ್ಟರ್ಸಿನಲ್ಲಿದ್ದಷ್ಟು ವರ್ಷವೂ ಹೇಳಲಿಲ್ಲ. ತೊಗಲಿಗೆ ತೂತು ಹಾಕುವ ಆರಿ, ಸೂಜಿ, ಮೇಣ ಎಲ್ಲ ಟ್ರಂಕಿನಲ್ಲಿದ್ದವು.

ಇಪ್ಪತ್ತೆರಡು ವರ್ಷದ ಹಿಂದೆ ನಾವು ಟಾಲಿಗಂಜ್‌ನ ಈ ಮನೆಗೆ ಬಂದೆವು. ಕೆಳಗಿನ ಮನೆಯಲ್ಲಿ ಅಹಲ್ಯಾ. ಮೈಸೂರಿನವಳು, ಸರ್ಕಾರಿ ನೌಕರಿ, ಒಬ್ಬಳೇ. ಒಂದು ದಿನ ಕೋಲು ಊರಿಕೊಂಡು ನಮ್ಮ ಮನೆ ಮೆಟ್ಟಲು ಏರಿ ಬಂದಳು. ಬಾಗಿಲಲ್ಲಿ ನಿಂತು, "ನಿಮಗೆ ತೊಗಲಿನ ಕೆಲಸ ಬರುತ್ತಂತೆ. ನಿಮ್ಮ ಮಗ ಹೇಳಿದ್ರು. ಇದನ್ನ ಸರಿ ಮಾಡಿಕೊಡ್ತೀರಾ?" ಅಂದಳು. ನಾನು ಬಾಗಿಲು ಮುಚ್ಚಬೇಕೋ ತೆರೆಯಬೇಕೋ ತಿಳಿಯದೆ ನಿಂತಿದ್ದೆ. ಅವಳು ಅಷ್ಟರಲ್ಲಿ ಒಳಗೆ ಬಂದು ನನ್ನ ನೆಲದ ಮೇಲೆ ಕಾಲು ಚಾಚಿ ಕೂತು, "ನೀರು ಕೊಡಿ ಮೊದಲು, ನಿಮ್ಮ ಮೆಟ್ಟಲು ಬಲು ಎತ್ತರ" ಅಂದಳು. ಅವತ್ತಿನಿಂದ ಅವಳ ತೊಡೆಪಟ್ಟಿ, ಮೊಣಕಾಲ ಪಟ್ಟಿ ಎಲ್ಲಕ್ಕೂ ನನ್ನದೇ ಹೊಲಿಗೆ. ಆಸ್ಪತ್ರೆಯವರು ಪ್ಲಾಸ್ಟಿಕ್ಕಿನದು ಕೊಟ್ಟು ನೋಡಿದರು. ಈ ಊರಿನ ಬೆವರಿಗೆ ತೊಡೆಯೆಲ್ಲ ಬೊಬ್ಬೆ ಎದ್ದು, ವಾರಕ್ಕೆ ಮೂಲೆಗೆ ಹೋಯಿತು.

ಎರಡು ವರ್ಷದಿಂದ ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುತ್ತವೆ. ದಾರ ಎಳೆದರೆ ಕಸುವು ನಡುವೆಯೇ ಸೋರಿ ಹೋಗುತ್ತದೆ. ಅಹಲ್ಯಾಗೆ ಇನ್ನು ಎರಡು ವರ್ಷ ನೌಕರಿ ಇದೆ, ಅದಾದ ಮೇಲೂ ನಡೆಯುವುದಿದೆ. ನನ್ನ ಕೈ ನಿಂತರೆ ಅವಳ ಕಾಲು ನಿಲ್ಲುತ್ತದೆ. ಗೌರಿಗೆ ಕಲಿಸೋಣ ಅಂದರೆ, "ನನಗ ಬ್ಲೌಸಿನ ಹುಕ್ಕ ಹಚ್ಚಾಕ ಬರೂದಿಲ್ರೀ" ಅಂದಳು.

ಕನ್ನಡ ಸಂಘದ ಊಟದ ದಿನ ಸಿಂಧೂರ ಸಿಕ್ಕಳು. ಬೆಂಗಳೂರಿನ ಹುಡುಗಿ, ನ್ಯೂ ಟೌನಿನಲ್ಲಿ ಕಂಪ್ಯೂಟರ್ ಕೆಲಸ. ನನ್ನ ಸೊಂಟದ ತೊಗಲಿನ ಎಲೆಯಡಿಕೆ ಚೀಲ ನೋಡಿ ಪಂಕ್ತಿಯಲ್ಲೇ ಕೈಬಾಯಿ ನಿಲ್ಲಿಸಿದಳು. "ಅಜ್ಜಿ, ಇದು ಕೈಹೊಲಿಗೆನಾ? ನಾನು ಕಲೀಬೇಕು ಅಂತ ಎಷ್ಟು ದಿನದಿಂದ ವೀಡಿಯೋ ನೋಡ್ತಿದೀನಿ ಗೊತ್ತಾ!"

"ನೋಡಿದ್ರ ಬರ್ತೈತೇನು?"

"ಬಂದಿಲ್ಲ. ಅದಕ್ಕೇ ಕೇಳ್ತಿದೀನಿ."

ಮುಂದಿನ ಭಾನುವಾರ ಬಂದಳು. ಬರುವಾಗ ಆನ್‌ಲೈನಿನಲ್ಲಿ ತರಿಸಿದ ಒಂದು ನೈಲಾನ್ ದಾರದ ಉಂಡೆ ತಂದಿದ್ದಳು. ಕೂದಲಿಗಿಂತ ನಾಲ್ಕು ಪಟ್ಟು ದಪ್ಪ ಇದ್ದೀತು, ಅಷ್ಟೆ. "ಇದು ಹರಿಯೋದೇ ಇಲ್ಲ ಅಜ್ಜಿ, ಎಳೀರಿ ಬೇಕಾದ್ರೆ" ಅಂದಳು. ಎಳೆದೆ. ನನ್ನ ಬೆರಳು ಕೊಯ್ಯಿತು, ದಾರ ಹರಿಯಲಿಲ್ಲ.

"ಇದನ್ನ ಕಸಕ್ಕ ಹಾಕು."

"ಯಾಕೆ? ಗಟ್ಟಿ ಇದ್ರೆ ಒಳ್ಳೇದಲ್ವಾ?"

ಹೊಸಬರೆಲ್ಲ ಮಾಡುವ ತಪ್ಪು ಇದೇ. ನಾನೂ ಹತ್ತು ವರ್ಷದವಳಿದ್ದಾಗ ಮಾಡಿದ್ದೆ. ತೊಗಲಿಗಿಂತ ದಾರ ಗಟ್ಟಿ ಇದ್ದರೆ, ಅದರಲ್ಲೂ ತೆಳ್ಳಗಿದ್ದರೆ, ಎಳೆದಾಗಲೆಲ್ಲ ಅದು ತೂತಿನ ಅಂಚನ್ನು ಗರಗಸದಂತೆ ಕೊಯ್ಯುತ್ತ ಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಒಮ್ಮೆಗೇ ಬಿಡುತ್ತದೆ. ಅದೇ ಹದವಾದ ದಾರ ಇದ್ದರೆ ಮೊದಲು ಜುಂಗು ಏಳುತ್ತದೆ, ಆಮೇಲೆ ಒಂದು ಹೊಲಿಗೆ ಹರಿಯುತ್ತದೆ, ಉಳಿದವು ಹಿಡಿದಿರುತ್ತವೆ. ನಾವು ನೋಡಿ ತಿದ್ದಲು ತಿಂಗಳುಗಟ್ಟಲೆ ವೇಳೆ ಸಿಗುತ್ತದೆ. ಅವ್ವ ಹೇಳುತ್ತಿದ್ದಳು, ದಾರ ಸೋಲಬೇಕು, ತೊಗಲು ಸೋಲಬಾರದು. ಸಿಂಧೂರ ಅದನ್ನು ತನ್ನ ಫೋನಿನಲ್ಲಿ ಬರೆದುಕೊಂಡಳು.

ಅವಳನ್ನು ಎಸ್ಪ್ಲನೇಡ್ ಹಿಂದಿನ ಓಣಿಯ ದಾರದ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಮುದುಕ ನನ್ನನ್ನು ಮಾಶಿಮಾ, ಅಂದರೆ ಚಿಕ್ಕಮ್ಮ, ಅನ್ನುತ್ತಾನೆ, ಅವನೇ ನನಗಿಂತ ದೊಡ್ಡವನಿದ್ದಾನು. ನಾಲ್ಕು ಥರದ ದಾರ ಮುಂದೆ ಇಟ್ಟ. ನಾನು ಬಾಯಿ ಬಿಡಲಿಲ್ಲ. "ನೀನ ಆರಿಸು" ಅಂದೆ.

ಸಿಂಧೂರ ಮೊದಲು ಕೆಂಪು ಬಣ್ಣದ್ದು ಹಿಡಿದಳು, ಚೆಂದ ಕಾಣುತ್ತದೆ ಅಂತ.

"ಪಟ್ಟಿ ಯಾರದು?" ಅಂದೆ.

"ಅಹಲ್ಯಾ ಆಂಟಿದು."

"ಮೆರವಣಿಗೆಗೆ ಹೊಂಟಾಳೇನು ಅಕಿ? ಬಿಳೀದು ತಗೋ. ಜುಂಗು ಎದ್ರ, ಕೊಳಿ ಹಿಡದ್ರ ಕಣ್ಣಿಗೆ ಬೀಳಬೇಕು."

ಅರಳೆದಾರ ಮುಟ್ಟಿ ನೋಡಿದಳು. ಉಗುರಿನಿಂದ ಹುರಿ ಬಿಚ್ಚಿ ಎಳೆ ಎಣಿಸಿದಳು, ನಾನು ಹೇಳಿಕೊಟ್ಟ ಹಾಗೆ. ಬಿಟ್ಟಳು. ಕೊನೆಗೆ ಅಗಸೆನಾರಿನ ದಾರ ಹಿಡಿದಳು, ಅಂಗಡಿಯವ ಲಿನನ್ ಅನ್ನುತ್ತಾನೆ. ನಮ್ಮ ಕಡೆ ಅಗಸಿ ಅಂದರೆ ಚಟ್ನಿಪುಡಿ. ಅದರ ದಂಟಿನಿಂದ ದಾರ ಆಗುತ್ತದೆ ಅಂತ ನನಗೆ ತಿಳಿದದ್ದೇ ಈ ಊರಿಗೆ ಬಂದ ಮೇಲೆ. ಐದೆಳೆಯದು, ಬಿಳಿ, ಸ್ವಲ್ಪ ಒರಟು. ನಾನಾದರೂ ಅದನ್ನೇ ಆರಿಸುತ್ತಿದ್ದೆ. ಹೇಳಲಿಲ್ಲ, ತಲೆ ಅಲ್ಲಾಡಿಸಿದೆ. ಹುಡುಗಿ ಅಂಗಡಿಯಲ್ಲೇ ಕುಣಿಯುವುದೊಂದು ಬಾಕಿ.

ಐದು ತಿಂಗಳು ಚೂರು ತೊಗಲಿನ ಮೇಲೆ ಹೊಲಿದಳು. ದಾರದ ಎರಡೂ ತುದಿಗೆ ಒಂದೊಂದು ಸೂಜಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಹೊಲಿದ ಚೂರಿಗೆ ನೀರು ತುಂಬಿದ ಬಕೆಟ್ಟು ತೂಗುಹಾಕಿ, ದಿನ ಬಿಟ್ಟು ದಿನ ತೂತು ನೋಡುತ್ತಿದ್ದೆವು. ತೂತು ದುಂಡಗೇ ಉಳಿದರೆ ಸರಿ, ಉದ್ದ ಎಳೆದರೆ ತಪ್ಪು. ಕಡೆಗೆ ಒಂದು ಶನಿವಾರ ನಮ್ಮ ಮನೆಯಲ್ಲಿ ಕೂತು ಅಹಲ್ಯಾಳ ಹೊಸ ತೊಡೆಪಟ್ಟಿಯನ್ನು ಪೂರ್ತಿ ತಾನೇ ಹೊಲಿದಳು. ಮುಗಿಸಿದಾಗ ಸಂಜೆ ಐದು. ನಾನು ನೋಡಿ, "ಚಲೋ ಆತು" ಅಂದೆ. ಹೊಲಿಗೆಗೆ ಮೇಣ ಉಜ್ಜಿ ಭಾನುವಾರ ಸಂಜೆ ನಾನೇ ಕೆಳಗೆ ಕೊಡುವುದು ಅಂತಾಯಿತು. ಅವಳು ನ್ಯೂ ಟೌನಿಗೆ ಹೋದಳು. ಗೌರಿ, ವೀರಭದ್ರ ದುರ್ಗಾಪೂಜೆಗೆ ಬಟ್ಟೆ ತರಲು ಹೋದರು.

ಮನೆಯಲ್ಲಿ ನಾನು, ಪಟ್ಟಿ.

ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಬಕಲ್ಲಿನ ಕೆಳಗೆ ಎರಡು ಹೊಲಿಗೆ ಸಾಲು ಬಿಟ್ಟು ಸ್ವಲ್ಪ ವಾಲಿದ್ದವು. ಎರಡೇ ಎರಡು. ನನಗೆ ಅವು ಕಣ್ಣಲ್ಲಿ ಕಸ ಬಿದ್ದ ಹಾಗಾದವು. ಇಪ್ಪತ್ತೆರಡು ವರ್ಷ ಅಹಲ್ಯಾ ನನ್ನ ಕೈ ನಂಬಿ ನಡೆದಿದ್ದಾಳೆ, ಇದು ಹೇಗೆ ಕೊಡುವುದು ಅಂದುಕೊಂಡೆ. ಇನ್ನೂ ಒಂದು ಮಾತಿತ್ತು ಮನಸ್ಸಿನಲ್ಲಿ, ಅದನ್ನು ಅವತ್ತು ನನಗೆ ನಾನೇ ಹೇಳಿಕೊಳ್ಳಲಿಲ್ಲ. ನನ್ನ ಕೈ ಇನ್ನೂ ಸತ್ತಿಲ್ಲ ಅಂತ ನೋಡಬೇಕಾಗಿತ್ತು.

ಬ್ಲೇಡು ತಗೊಂಡು ನಾಲ್ಕು ಬೆರಳಗಲ ಬಿಚ್ಚಿದೆ. ಸಾಲು ನೇರ ಮಾಡಲು ಹಳೆಯ ತೂತುಗಳ ನಡುನಡುವೆ ಹೊಸ ತೂತು ಹಾಕಿದೆ. ಅದು ಮೊದಲ ತಪ್ಪು, ತೂತು ಒತ್ತೊತ್ತಾದಷ್ಟೂ ತೊಗಲು ಬೇಗ ಬಿಡುತ್ತದೆ. ಅಗಸೆ ದಾರ ಪೋಣಿಸಿ ಎಳೆದೆ. ಬರಲಿಲ್ಲ. ಬೆರಳು ಜೋಮು ಹಿಡಿದವು. ಹಲ್ಲಿನಿಂದ ಕಚ್ಚಿ ಎಳೆದೆ. ಬರಲಿಲ್ಲ. ಆಗ ಕಪಾಟಿನ ಡಬ್ಬಿಯಲ್ಲಿದ್ದ ನೈಲಾನ್ ಉಂಡೆ ನೆನಪಾಯಿತು. ಕಸಕ್ಕೆ ಹಾಕು ಅಂದಿದ್ದೆ, ಹಾಕಿರಲಿಲ್ಲ. ಹೊಸ ದಾರ ಎಸೆಯಲು ಮನಸ್ಸು ಬರುವುದಿಲ್ಲ ನಮ್ಮಂಥವರಿಗೆ. ಅದೂ ಬಿಳಿಯೇ. ತೆಳ್ಳಗೆ, ನುಣ್ಣಗೆ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ತೂತಿನಲ್ಲಿ ಹೋಯಿತು. ಅರ್ಧ ಗಂಟೆಯಲ್ಲಿ ಮುಗಿಯಿತು. ಎಷ್ಟು ನೇರ ಬಂದಿತ್ತು ಅಂದರೆ, ನಾನು ಹಾಲಿಲ್ಲದ ಚಹಾ ಮಾಡಿಕೊಂಡು ಅದನ್ನು ನೋಡುತ್ತ ಕುಡಿದೆ. ಎರಡು ದಿನಕ್ಕೆ ಏನಾಗುತ್ತದೆ, ಮುಂದಿನ ವಾರ ಸಿಂಧೂರಳ ಕೈಲೇ ಬದಲಿಸಿದರಾಯಿತು ಅಂದುಕೊಂಡೆ.

ಎರಡು ದಿನವೂ ಬೇಕಾಗಲಿಲ್ಲ. ಸೋಮವಾರ ಬೆಳಿಗ್ಗೆ ಒಂದು ರೈಲು ಪ್ರಯಾಣ, ಅರ್ಧ ಮೆಟ್ಟಲು.

*

ಸಂಜೆ ಅಹಲ್ಯಾಳನ್ನು ಮನೆಗೆ ತಂದರು. ನಾನು ಪಟ್ಟಿಯ ಚೀಲ ಸೆರಗಿನಲ್ಲಿ ಮುಚ್ಚಿಕೊಂಡು ಕೆಳಗಿಳಿದೆ. ಅವಳು ಮಂಚದ ಮೇಲಿದ್ದಳು. ಕೈಗೆ ಬಿಳಿ ಪ್ಲಾಸ್ಟರ್, ಗದ್ದಕ್ಕೆ ಪಟ್ಟಿ. ಕೋಲು ಹಿಡಿಯುವ ಕೈಯೇ ಮುರಿದದ್ದು. ಮೂಲೆಯಲ್ಲಿ ಕ್ಯಾಲಿಪರ್ ಬೂಟಿನ ಸಮೇತ ಗೋಡೆಗೆ ಆತು ನಿಂತಿತ್ತು.

ಸಿಂಧೂರ ಕ್ಯಾಬಿನಿಂದ ಇಳಿದು ಓಡಿ ಬಂದಳು. ಕೊರಳಲ್ಲಿ ಆಫೀಸಿನ ಬಿಲ್ಲೆ ಹಾಗೇ ಇತ್ತು. ಬಂದವಳೇ ಮಂಚದ ಕಾಲ ಬಳಿ ಕುಸಿದು ಅಳತೊಡಗಿದಳು.

"ಆಂಟಿ, ಸಾರಿ ಆಂಟಿ, ನಂದೇ ತಪ್ಪು, ನಂದೇ..."

"ಅಳಬೇಡ ಕಣೆ" ಅಂದಳು ಅಹಲ್ಯಾ, ಗದ್ದ ಅಲುಗಿಸದೆ. "ನಂಗೆ ಗದ್ದ ನೋವು, ಅಳೋಕಾಗಲ್ಲ. ನೀನೊಬ್ಬಳೇ ಅತ್ರೆ ಚೆನ್ನಾಗಿರಲ್ಲ."

"ಫೋನಿನಾಗ ನೋಡಿ ಹೊಲಿಗಿ ಕಲತ್ರ ಹಿಂಗ ಆಗೂದು" ಅಂದಳು ಗೌರಿ. "ನಾಳಿ ಆಪರೇಶನ್ನೂ ಫೋನಿನಾಗ ನೋಡಿ ಮಾಡ್ರಿ."

ಸಿಂಧೂರ ಮುಖ ಎತ್ತಿ ನನ್ನ ಕಡೆ ನೋಡಿದಳು. ಮೂಗು ಕೆಂಪಗಾಗಿತ್ತು. "ಅಜ್ಜಿ, ನೀವು ನೋಡಿದ್ರಲ್ಲ ಶನಿವಾರ. ಚಲೋ ಆಯ್ತು ಅಂದ್ರಲ್ಲ. ಎಲ್ಲಿ ತಪ್ಪು ಮಾಡ್ದೆ? ಹೇಳಿ ಅಜ್ಜಿ, ದಾರ ತಪ್ಪು ಆರಿಸಿದ್ನಾ?"

ಆಗ ನನ್ನ ಬಾಯಿಂದ ಒಂದು ಮಾತು ಬಂತು. ಎಪ್ಪತ್ನಾಲ್ಕು ವರ್ಷದಲ್ಲಿ ನಾನು ಆಡಿದ ಮಾತುಗಳಲ್ಲಿ ಬಹಳಷ್ಟು ನೆನಪಿವೆ. ಇಂಥದ್ದೊಂದು ನನ್ನೊಳಗಿದೆ ಅಂತ ನನಗೆ ಗೊತ್ತಿರಲಿಲ್ಲ.

"ಕಲಿಯೂ ಮುಂದ ಆಗ್ತಾವವಾ ಹಿಂಗ" ಅಂದೆ.

ಅಂದದ್ದು ನಾನೇ. ಧ್ವನಿಯೂ ನನ್ನದೇ, ಮೆತ್ತಗೆ, ದೊಡ್ಡವರ ಹಾಗೆ. ಯಾರೋ ನನ್ನ ಬೆನ್ನ ಹಿಂದೆ ನಿಂತು ಆಡಿದ ಹಾಗಾಗಿ ನಾನು ನಿಜವಾಗಿಯೂ ಹಿಂದೆ ತಿರುಗಿ ನೋಡಿದೆ. ಗೋಡೆ ಇತ್ತು.

ಸಿಂಧೂರ ಮೂಗು ಒರೆಸಿಕೊಂಡಳು. "ಸಾಕು ಅಜ್ಜಿ. ನಾನು ಇನ್ನು ತೊಗಲು ಮುಟ್ಟಲ್ಲ. ಆರಿ, ಸೂಜಿ ಎಲ್ಲ ನಿಮಗೇ ತಂದು ಕೊಡ್ತೀನಿ. ಬ್ಯಾಗ್ ಹೊಲಿದುಕೊಂಡು ಇದ್ದಿದ್ರೆ ಆಗ್ತಿತ್ತು, ಒಬ್ಬರ ಕಾಲಿಗೆ ಯಾಕೆ ಕೈ ಹಾಕ್ದೆ."

"ನೀನೂ ಬೇಡ, ಯಾರೂ ಬೇಡ" ಅಂದಳು ಅಹಲ್ಯಾ. ಸೂರು ನೋಡುತ್ತ ಮಾತಾಡುತ್ತಿದ್ದಳು. "ಪಾರವ್ವನ ಕೈಯಲ್ಲಿ ಇನ್ನು ಆಗಲ್ಲ. ಪ್ಲಾಸ್ಟಿಕ್ಕಿಂದು ನನಗಾಗಲ್ಲ. ಮೈಸೂರಿನಿಂದ ತಮ್ಮ ಫೋನ್ ಮಾಡಿದ್ದ, ನೌಕರಿ ಬಿಟ್ಟು ಬಂದ್ಬಿಡು ಅಂತಾನೆ. ಅವನ ಮನೇಲಿ ಹಿಂದಿನ ರೂಮು ಖಾಲಿ ಇದೆ. ಹೋಗಿ ಕೂತ್ಕೊಳ್ಳೋದು. ಇನ್ನೊಂದ್ಸಲ ಆ ಥರ ಕಾಲು ಕೆಳಗಿಂದ ಹೋಗೋದು ನನಗೆ ಬೇಡಪ್ಪ. ನಿಮಗೆ ಗೊತ್ತಾಗಲ್ಲ ಅದು."

ಅವಳು ಅದನ್ನು ಅಳದೆ ಹೇಳಿದಳು. ಆಗ ಮೂಲೆಯಲ್ಲಿದ್ದ ಕ್ಯಾಲಿಪರಿನ ಬೂಟಿನ ಮೂತಿ ನೋಡಿದೆ. ಎಡಗಡೆ ಸವೆದಿತ್ತು. ಇಪ್ಪತ್ತೆರಡು ವರ್ಷ ಸಂತೆಗೆ, ಆಫೀಸಿಗೆ, ಪೂಜೆಯ ಪೆಂಡಾಲಿಗೆ, ಕಲ್ಲಪ್ಪನವರು ಹೋದ ದಿನ ಸುಡುವ ಘಾಟಿನವರೆಗೂ ನಡೆದು ಸವೆದದ್ದು. ಹಿಂದಿನ ರೂಮಿಗೆ ಅದು ಬೇಕಾಗುವುದಿಲ್ಲ.

ಸೆರಗಿನಿಂದ ಚೀಲ ತೆಗೆದು ಪಟ್ಟಿಯನ್ನು ಮಂಚದ ಮೇಲೆ ಇಟ್ಟೆ.

"ಸಿಂಧೂರ, ಕೈಯಾಗ ಹಿಡದು ನೋಡು. ಇದು ನೀ ಆರಿಸಿದ ದಾರ ಹೌದೇನು?"

"ಬೇಡ ಅಜ್ಜಿ, ನಾನು ನೋಡಲ್ಲ."

"ನೋಡು ಅಂದೆ."

ತಗೊಂಡಳು. ಹರಿದ ಅಂಚು ನೋಡಿ ಮುಖ ಕಿವಿಚಿದಳು. ಆಮೇಲೆ ಬೆರಳು ತಾನಾಗಿಯೇ ಕೆಲಸಕ್ಕೆ ಇಳಿಯಿತು. ಉಗುರಿನಿಂದ ಹುರಿ ಬಿಚ್ಚಲು ನೋಡಿದಳು. ಬಿಚ್ಚಲಿಲ್ಲ. ಇನ್ನೊಮ್ಮೆ. ಪಟ್ಟಿಯ ಮೇಲುಭಾಗದ ಹೊಲಿಗೆ ಮುಟ್ಟಿ ನೋಡಿ, ಕೆಳಗಿನದು ಮುಟ್ಟಿ ನೋಡಿದಳು. ಕಣ್ಣೀರು ನಿಂತಿತ್ತು.

"ಮೇಲಿಂದು ನಂದು. ಇದು ಅಲ್ಲ... ಇದು ನೈಲಾನ್. ಅಜ್ಜಿ, ಇದು ನಾನು ಮೊದಲ್ನೇ ದಿನ ತಂದಿದ್ದು! ನೀವು ಕಸಕ್ಕೆ ಹಾಕು ಅಂದಿದ್ದು!"

"ಹಾಕಲಿಲ್ಲ. ಇಟ್ಟಿದ್ದೆ."

"ಮತ್ತೆ ಇದಕ್ಕೆ ಹೇಗೆ..." ಅಂದವಳು ಅಲ್ಲಿಗೇ ನಿಂತಳು.

"ನಾನ ಹೊಲದದ್ದು" ಅಂದೆ. "ಶನಿವಾರ, ನೀವೆಲ್ಲ ಹೋದ ಮ್ಯಾಲ. ನಿಂದು ಬಿಚ್ಚಿ ನಾ ಹೊಲದೆ."

"ಅತ್ತಿ!" ಅಂದಳು ಗೌರಿ. ಅಷ್ಟೇ ಅಂದಳು. ಮಾತಿನ ಮಲ್ಲಿ ಅವಳು, ಆದರೂ ಅಷ್ಟೇ ಅಂದಳು.

ಹೊರಗೆ ಓಣಿಯಲ್ಲಿ ಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದರು. ಒಬ್ಬ ಮೇಲಿನಿಂದ ಹಗ್ಗ ಕೊಡು ಅಂತ ಕೂಗುತ್ತಿದ್ದ. ಮೂರು ಸಲ ಕೂಗಿದ.

"ಯಾಕೆ?" ಅಂದಳು ಅಹಲ್ಯಾ.

"ಎರಡು ಹೊಲಿಗಿ ಸೊಟ್ಟ ಇದ್ದವು."

ಅವಳು ನಿಧಾನಕ್ಕೆ ತಲೆ ನನ್ನ ಕಡೆ ತಿರುಗಿಸಿದಳು. ಗದ್ದದ ಪಟ್ಟಿಯ ಕೆಳಗೆ ರಕ್ತ ಒಣಗಿ ಕರ್ರಗಾಗಿತ್ತು. "ಸೊಟ್ಟ ಇದ್ದಿದ್ರೆ ನಾನು ಬೀಳ್ತಿರಲಿಲ್ಲ, ಪಾರವ್ವ."

ದಪ್ಪ ದಾರ ನನ್ನ ಬೆರಳಿಗೆ ಎಳೆಯಲು ಆಗಲಿಲ್ಲ ಅಂತ ಹೇಳಿದೆ, ಅದಕ್ಕೇ ತೆಳ್ಳಗಿನದು ಹಾಕಿದೆ ಅಂತ ಹೇಳಿದೆ. ಹೇಳುವಾಗ ನನ್ನ ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದೆ.

ಸಿಂಧೂರ ಎದ್ದು ನಿಂತಳು. ಅವಳ ಮುಖ ಬೆಳ್ಳಗಾಗಿತ್ತು. ಹೊಲಿಗೆ ಬಿಚ್ಚಿದ್ದಕ್ಕೆ ಬೈಯುತ್ತಾಳೆ ಅಂದುಕೊಂಡೆ.

"ನೀವು ಈಗ ಹೇಳಿದ್ರಲ್ಲ, ಕಲಿಯೋವಾಗ ಆಗ್ತಾವೆ ಅಂತ" ಅಂದಳು. "ಈಗ. ಐದು ನಿಮಿಷ ಆಗಿಲ್ಲ. ನನ್ನ ಮುಖ ನೋಡ್ಕೊಂಡು."

"ಹೌದವಾ."

"ನಾನು ಆಂಟಿ ಕಾಲು ಹಿಡ್ಕೊಂಡು ಅಳ್ತಿದ್ದೆ, ಅಜ್ಜಿ."

"ಹೌದು."

ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲೇ ಹೊರಟು ಹೋದಳು. ಗೇಟಿನ ಹತ್ತಿರ ಮೆಟ್ಟಿಕೊಂಡದ್ದನ್ನು ಕಿಟಕಿಯಿಂದ ನೋಡಿದೆ.

*

ಆಮೇಲಿನ ದಿನಗಳಲ್ಲಿ ನಾನು ಎರಡು ಹೊತ್ತೂ ಕೆಳಗೆ ಊಟ ಒಯ್ದು ಕೊಟ್ಟೆ. ಅಹಲ್ಯಾ ಉಣ್ಣುತ್ತಿದ್ದಳು, ಎಡಗೈಯಲ್ಲಿ ಚಮಚ ಹಿಡಿದು. ಸಾರಿಗೆ ಉಪ್ಪು ಕಡಿಮೆ ಅಂತ ಕೂಡ ಹೇಳುತ್ತಿರಲಿಲ್ಲ. ಮುಂಚೆ ಉಪ್ಪಿಗೆ, ಖಾರಕ್ಕೆ, ನನ್ನ ಜೋಳದ ರೊಟ್ಟಿಯ ಅಂಚಿಗೆ, ಎಲ್ಲದಕ್ಕೂ ಒಂದು ಮಾತು ಇರುತ್ತಿತ್ತು. ದುರ್ಗಾಪೂಜೆ ಬಂತು, ಢಾಕು ಬಾರಿಸಿದರು, ದೇವಿಯನ್ನು ನೀರಿಗೆ ಬಿಟ್ಟು ಬಂದರು. ಅವಳು ಕಿಟಕಿಯಿಂದ ನೋಡಿದಳು. ನೌಕರಿ ಬಿಡುವ ಕಾಗದ ಬರೆದಿದ್ದಾಳೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ. ನನ್ನ ಆರಿ, ಸೂಜಿ ಒಂದು ಬಟ್ಟೆಯಲ್ಲಿ ಕಟ್ಟಿ ಅವಳ ಮೇಜಿನ ಮೇಲೆ ಇಟ್ಟು ಬಂದೆ. ಅದನ್ನೂ ಕೇಳಲಿಲ್ಲ ಅವಳು.

ದಸರೆಯ ಬೆನ್ನಿಗೇ ಬರುವ ಇಲ್ಲಿನ ಲಕ್ಷ್ಮೀಪೂಜೆಯ ಮರುದಿನ, ತಟ್ಟೆ ತೆಗೆದುಕೊಳ್ಳಲು ಹೋದಾಗ ಬಾಯಿ ಬಿಟ್ಟಳು.

"ಸಿಂಧೂರಂಗೆ ಫೋನ್ ಮಾಡಿದ್ದೆ. ಮೂರು ಸಲ ಮಾಡಿದ ಮೇಲೆ ಎತ್ತಿದಳು. ಭಾನುವಾರ ಬರ್ತಾಳೆ. ನಿಮ್ಮ ಮನೆಗಲ್ಲ, ಇಲ್ಲಿಗೆ."

"ಬರಲಿ" ಅಂದೆ.

"ನೀವು ಬರೋದು ಬೇಡ, ನಾನು ಕರೆಯೋವರೆಗೂ."

"ಆತವಾ."

ನಾಲ್ಕು ಭಾನುವಾರ ಕೆಳಗೆ ಅವರಿಬ್ಬರ ದನಿ ಕೇಳಿದೆ. ಸುತ್ತಿಗೆಯ ಟಕ್ ಟಕ್ ಕೇಳಿದೆ. ಅಹಲ್ಯಾಳ ಹಿತ್ತಲ ಕಿಟಕಿಗೆ ಬಕೆಟ್ಟು ತೂಗುತ್ತಿರುವುದು ನಮ್ಮ ಬಾಲ್ಕನಿಯಿಂದ ಕಾಣುತ್ತಿತ್ತು. ಗೌರಿ ದಿನಾ ಇಣುಕಿ, "ನೀರ ಕಮ್ಮಿ ತುಂಬ್ಯಾರ ನೋಡ್ರಿ ಅತ್ತಿ, ಹೋಗಿ ಹೇಳ್ರಿ" ಅನ್ನುತ್ತಿದ್ದಳು. ನಾನು ಹೋಗಲಿಲ್ಲ. ಬಾಯಿ ಹೊಲಿದುಕೊಂಡು ಕೂರುವುದು ಅಂದರೇನು ಅಂತ ಆ ತಿಂಗಳು ಕಲಿತೆ.

ಐದನೇ ಭಾನುವಾರ, ಹತ್ತು ಗಂಟೆಗೆ, ಸಿಂಧೂರಳೇ ಮೇಲೆ ಬಂದಳು. ಬಾಗಿಲಲ್ಲೇ ನಿಂತು, "ಆಂಟಿ ಕರೀತಿದಾರೆ" ಅಂದಳು. ಅಜ್ಜಿ ಅನ್ನಲಿಲ್ಲ.

ಕೆಳಗೆ ಹೋದೆ. ಅಹಲ್ಯಾಳ ಪ್ಲಾಸ್ಟರ್ ಬಿಚ್ಚಿದ್ದರು, ಕೈ ಸೊರಗಿತ್ತು. ಗದ್ದದ ಮೇಲೆ ಕೆಂಪು ಗೆರೆ. ಮೇಜಿನ ಮೇಲೆ ಹೊಸ ತೊಡೆಪಟ್ಟಿ.

"ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಬೇಡಿ" ಅಂದಳು ಅಹಲ್ಯಾ.

ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದೆ. ಬಿಳಿ ಅಗಸೆ ದಾರ, ಆದರೆ ಐದೆಳೆಯದಲ್ಲ, ಆರೆಳೆಯದು. ನಾನಾಗಿದ್ದರೆ ಈ ತೊಗಲಿಗೆ ಆರೆಳೆ ಹಾಕುತ್ತಿರಲಿಲ್ಲ. ತೂತು ದೊಡ್ಡದಾಗುತ್ತದೆ ಅನ್ನುತ್ತಿದ್ದೆ. ಆದರೆ ಹುಡುಗಿ ತೂತುಗಳನ್ನು ದೂರದೂರ ಇಟ್ಟಿದ್ದಳು, ನಾನು ಕಲಿಸಿದ್ದಕ್ಕಿಂತ ದೂರ. ಹೊಲಿಗೆ ಅಲ್ಲಲ್ಲಿ ವಾಲಿತ್ತು, ಎರಡಲ್ಲ, ಏಳೆಂಟು. ಪಕ್ಕದಲ್ಲಿ ಬಕೆಟ್ಟಿಗೆ ಕಟ್ಟಿದ್ದ ಚೂರು ಇತ್ತು. ಅದರಲ್ಲಿ ಒಂದು ಕಡೆ ದಾರ ಜುಂಗು ಎದ್ದು ಹರಿದಿತ್ತು. ತೂತು ದುಂಡಗೆ, ಆರಿ ಚುಚ್ಚಿದ ದಿನದ ಹಾಗೆ.

"ಎಷ್ಟು ದಿನ ತೂಗು ಹಾಕಿದ್ದಿ?" ಅಂತ ಕೇಳಿದೆ.

"ಇಪ್ಪತ್ತೊಂದು ದಿನ" ಅಂದಳು ಸಿಂಧೂರ, ನೆಲ ನೋಡುತ್ತ. "ಅದಕ್ಕೂ ಹರೀಲಿಲ್ಲ. ಕೊನೆಗೆ ನಾನೇ ಜೋತು ಬಿದ್ದೆ."

"ಆರೆಳೆ ಯಾಕ?"

ಈಗ ತಲೆ ಎತ್ತಿದಳು. "ನನ್ನ ಕೈಗೆ ಎಳೆಯೋಕೆ ಬರುತ್ತೆ. ಅದಕ್ಕೆ."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹೊಡೆಯಲಿ ಅಂತಲೇ ಹೇಳಿದ್ದಳು. ಸರಿಯಾಗಿಯೂ ಹೇಳಿದ್ದಳು.

"ಚಲೋ ಐತಿ" ಅಂದೆ. ಈ ಸಲ ಅದು ಅಷ್ಟೇ ಇತ್ತು, ಅದರ ಹಿಂದೆ ಮತ್ತೇನೂ ಇರಲಿಲ್ಲ.

ಸಿಂಧೂರ ಮಂಡಿಯೂರಿ ಕೂತು ಅಹಲ್ಯಾಗೆ ಕ್ಯಾಲಿಪರ್ ಕಟ್ಟಿದಳು. ಬಕಲ್ಲು ಹಾಕಿದಳು, ಒಂದು ತೂತು ಬಿಗಿ ಮಾಡಿದಳು. ಅಹಲ್ಯಾ ಮಂಚದ ಅಂಚು ಹಿಡಿದು ಎದ್ದಳು. ಅವಳ ಕಣ್ಣು ದೊಡ್ಡವಾಗಿದ್ದವು, ತುಟಿ ಬೆಳ್ಳಗೆ. ಭಾರವನ್ನು ಎಡಗಾಲಿಗೆ ಬಿಟ್ಟಾಗ ಹೊಸ ತೊಗಲು ಕಿರ್ ಅಂತ ಸದ್ದು ಮಾಡಿತು. ಮೂವರೂ ಬೆಚ್ಚಿದೆವು. ನನ್ನ ಎರಡೂ ಕೈ ತಾವಾಗಿಯೇ ಮುಂದೆ ಹೋದವು.

"ನೀವು ಬೇಡ" ಅಂದಳು ಅಹಲ್ಯಾ. ಮುಂದೆ ಹೋದ ಕೈ ಅಲ್ಲೇ ನಿಂತವು. "ಸಿಂಧೂರ ಇದಾಳೆ. ನೀವು ಬಾಗಿಲು ತೆಗೀರಿ."

ಹೋಗಿ ಬಾಗಿಲು ತೆಗೆದೆ. ಹಿಂದಿನಿಂದ ಕೋಲಿನ ಸದ್ದು, ಬೂಟಿನ ಸದ್ದು, ಮತ್ತೆ ಕೋಲಿನ ಸದ್ದು. ನಾನು ತಿರುಗಿ ನೋಡಲಿಲ್ಲ, ಚಿಲಕ ಹಿಡಿದು ನಿಂತೆ. ಎಷ್ಟು ಹೆಜ್ಜೆ ಅಂತ ಎಣಿಸಲೂ ಹೆದರಿಕೆ. ಸದ್ದು ನನ್ನ ಬೆನ್ನ ಹತ್ತಿರಕ್ಕೆ ಬಂದು ನಿಂತಿತು.

"ಎಲ್ಲಿಗೆ ಆಂಟಿ?" ಅಂತ ಸಿಂಧೂರ ಗಾಬರಿಯಿಂದ ಕೇಳಿದಳು.

"ಮೂಲೆ ಅಂಗಡಿವರೆಗೆ. ಒಂದೂವರೆ ತಿಂಗಳಿಂದ ಇವರ ಉಪ್ಪಿಲ್ಲದ ಸಾರು ತಿಂದೂ ತಿಂದೂ ನಾಲಿಗೆ ಸತ್ತುಹೋಗಿದೆ, ಉಪ್ಪು ತರೋಣ" ಅಂದಳು ಅಹಲ್ಯಾ. ಆಮೇಲೆ ನನಗೆ, "ಜರುಗಿ ಪಾರವ್ವ, ದಾರಿಗೆ ಅಡ್ಡ ನಿಂತಿದೀರಿ."

ಜರುಗಿದೆ.